ಮರಿನಾಯಿಯ ವಾಂತಿ ನಿಂತಿತು ಎಂದು ನೆಮ್ಮದಿಪಡಬೇಡಿ

ಮೂರು ತಿಂಗಳ ಮರಿ. ಬೆಳಿಗ್ಗೆ ಎರಡು ಸಲ ಹಳದಿ ನೊರೆ ಕಕ್ಕಿತು. ಮನೆಯವರು ತಮಗೆಂದು ತಂದಿಟ್ಟಿದ್ದ ವಾಂತಿ ಮಾತ್ರೆಯ ಚೂರು ಕೊಟ್ಟು, ಹೊಟ್ಟೆಗೆ ವಿಶ್ರಾಂತಿ ಸಿಗಲಿ ಎಂದು ದಿನವಿಡೀ ಉಪವಾಸ ಹಾಕಿದರು. ವಾಂತಿ ನಿಂತೇಬಿಟ್ಟಿತು. ಮೂರನೇ ದಿನ ಮರಿಗೆ ಏಳಲಾಗಲಿಲ್ಲ. ಕಾಲುಚೀಲದ ದಾರ ಹೊಟ್ಟೆ ಸೇರಿತ್ತು. ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ಅದರುದ್ದಕ್ಕೂ ನಿರಿಗೆಗಟ್ಟುತ್ತದೆ; ಮಿಸುಕಾಡಿದಷ್ಟೂ ದಾರ ಗರಗಸದಂತೆ ಕೊಯ್ಯುತ್ತದೆ. ಮಾತ್ರೆ ಕಾಯಿಲೆಯನ್ನು ಮುಟ್ಟಿರಲಿಲ್ಲ, ಸುಳಿವನ್ನಷ್ಟೇ ಅಳಿಸಿತ್ತು.

ಉಪವಾಸವೂ ತಪ್ಪೇ. ದೊಡ್ಡ ನಾಯಿ ಒಂದು ದಿನ ತಡೆದೀತು. ಎಳೆಮರಿಯ ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ಸಣ್ಣ ತಳಿಯ ಮರಿಗಳು ಕೆಲವೇ ಗಂಟೆಗಳಲ್ಲಿ ತೂರಾಡಿ, ನಡುಗಿ, ಫಿಟ್ಸ್ ಬಂದು ಬೀಳಬಹುದು. ಹಾಗಾದರೆ ಒಸಡಿಗೆ ಜೇನು ಸವರಿ ಪಶುವೈದ್ಯರ ಬಳಿಗೆ ಹೊರಡಿ. ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಒಂದೇ ಸಲ ಕಕ್ಕಿ, ಮತ್ತೆ ಬಾಲ ಅಲ್ಲಾಡಿಸುತ್ತ ಆಡುತ್ತಿದ್ದರೆ ಎರಡು ಮೂರು ಗಂಟೆ ಊಟ ತಡೆದು, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದೆರಡು ಚಮಚ ನೀರು ಕೊಡಿ. ಬಟ್ಟಲು ತುಂಬ ನೀರಿಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ಹಾಲು ಬೇಡವೇ ಬೇಡ.

ಈಗ ತುಟಿ ಎತ್ತಿ ಒಸಡು ಮುಟ್ಟಿ ನೋಡಿ. ಒದ್ದೆಯಾಗಿ ಗುಲಾಬಿ ಬಣ್ಣವಿರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. (ಹುಟ್ಟಾ ಕಪ್ಪು ಒಸಡಿನ ಮರಿಯಾದರೆ ಕೆಳರೆಪ್ಪೆಯ ಒಳಭಾಗದ ಬಣ್ಣ ನೋಡಿ.) ಒಸಡು ಅಂಟಂಟಾಗಿದ್ದರೆ ಮೈಯ ನೀರು ಬತ್ತಿದೆ. ಬಿಳಿಚಿದ ಒಸಡು, ಕುಡಿದ ನೀರೂ ನಿಲ್ಲದಿರುವುದು, ರಕ್ತ, ಉಬ್ಬಿದ ಹೊಟ್ಟೆ, ಮಂಕು — ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವವರೆಗೆ ಕಾಯುವ ಮಾತಿಲ್ಲ. ಲಸಿಕೆ ಪೂರ್ತಿಯಾಗದ ಮರಿಯಾದರಂತೂ ಮೊದಲ ಶಂಕೆ ಪಾರ್ವೋ ಎಂಬ ವೈರಸ್ ಕಾಯಿಲೆಯ ಮೇಲೆಯೇ: ಮೊದಲು ಮಂಕು, ವಾಂತಿ, ಒಂದೆರಡು ದಿನದಲ್ಲಿ ಕೆಟ್ಟ ನಾತದ ರಕ್ತಭೇದಿ. ಒಂದು ಚುಚ್ಚುಮದ್ದು ಆಗಿದೆಯಲ್ಲ ಎಂಬ ಧೈರ್ಯ ಸಾಲದು. ತಾಯಿಯಿಂದ ಬಂದ ಪ್ರತಿಕಾಯಗಳು ಆರಂಭದ ಲಸಿಕೆಯನ್ನು ಹುಸಿ ಮಾಡಬಲ್ಲವು. ಅದಕ್ಕೇ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸುವುದು.

ಏನೋ ನುಂಗಿದೆ ಎಂದು ಉಪ್ಪುನೀರು ಕುಡಿಸಿ ಕಕ್ಕಿಸಲು ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಏರಿ ಅದೇ ಕೊಲ್ಲಬಹುದು. ಬಾಯಿಂದಲೋ ಗುದದಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಲೂಬೇಡಿ.

ವೈದ್ಯರಿಗೆ ವಾಂತಿಯ ಫೋಟೊ ತೋರಿಸಿ. ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಬರೆದುಕೊಂಡು ಹೋಗಿ. ಹೊಟ್ಟೆ ಎಕ್ಕಿ ಎಕ್ಕಿ ಕಕ್ಕಿತೋ, ತಿಂದದ್ದು ಹಾಗೇ ಜಾರಿ ಬಿತ್ತೋ ಹೇಳಿ. ಎರಡನೆಯದಾದರೆ ತೊಂದರೆ ಅನ್ನನಾಳದಲ್ಲಿರಬಹುದು. ಬಟ್ಟೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಮನೆಯಲ್ಲಿ ಜೋಡಿ ತಪ್ಪಿದ ಕಾಲುಚೀಲವಿದ್ದರೆ ಉಳಿದದ್ದನ್ನೂ ಜೊತೆಗೆ ಒಯ್ಯಿರಿ.