ಫೋರ್ಟಿನ ಹಳೆಯ ರೆಕಾರ್ಡಿನಂಗಡಿಯಲ್ಲಿ ಜಾನ್ ಹಾರ್ಟ್‌ಫರ್ಡ್

ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಹಳೆಯ ರೆಕಾರ್ಡುಗಳನ್ನು ಮಾರುವ ಸಣ್ಣ ಅಂಗಡಿಯೊಂದರಲ್ಲಿ, ಅಮೆರಿಕದ ಜಾನಪದ ಮತ್ತು ಕಂಟ್ರಿ ಸಂಗೀತಗಾರ ಜಾನ್ ಹಾರ್ಟ್‌ಫರ್ಡ್ ಅವರ ‘ಮಾರ್ಕ್ ಟ್ವಾಂಗ್’ ಎಲ್‌ಪಿ ದೊರೆಯಿತು. 1976ರಲ್ಲಿ ಹೊರಬಂದ ಈ ರೆಕಾರ್ಡಿನಲ್ಲಿ ಪಕ್ಕವಾದ್ಯದವರೇ ಇಲ್ಲ; ಪಿಟೀಲು, ಬ್ಯಾಂಜೊ, ಗಿಟಾರುಗಳನ್ನು ಹಾಡಿಗೆ ತಕ್ಕಂತೆ ಬದಲಿಸಿ ನುಡಿಸುತ್ತ, ಹಾಡುತ್ತ, ಪ್ಲೈವುಡ್ ಹಲಗೆಯ ಮೇಲೆ ಕಾಲು ಕುಟ್ಟಿ ಲಯವನ್ನೂ ಅವರೇ ಒದಗಿಸುತ್ತಾರೆ. ಜಾಗಟೆ ಹಿಡಿದು ಪದ್ಯ ಹೇಳುವ ಯಕ್ಷಗಾನದ ಭಾಗವತರನ್ನು ಕೇಳಿ ಬೆಳೆದ ಮುಂಬೈ ಕನ್ನಡಿಗರಿಗೆ ಈ ಕ್ರಮ ತೀರ ಅಪರಿಚಿತವೆನಿಸಲಾರದು.

ಅವರು ಬರೆದ, 1967ರಲ್ಲಿ ಹೊರಬಂದ ‘ಜೆಂಟಲ್ ಆನ್ ಮೈ ಮೈಂಡ್’ ಹಾಡು ಗಾಯಕ ಗ್ಲೆನ್ ಕ್ಯಾಂಪ್‌ಬೆಲ್ ಅವರ ಕಂಠದಲ್ಲಿ ಮನೆಮಾತಾಗಿ, ಅದರ ಆದಾಯವೇ ಹಾರ್ಟ್‌ಫರ್ಡ್ ಅವರಿಗೆ ಇಷ್ಟಬಂದ ಸಂಗೀತ ಮಾಡುವ ಸ್ವಾತಂತ್ರ್ಯ ನೀಡಿತು. ಟೆಲಿವಿಷನ್ನಿನ ಖ್ಯಾತಿಯನ್ನು ಬಿಟ್ಟು, ಉಗಿದೋಣಿ ನಡೆಸುವ ಪರವಾನಗಿಯನ್ನೂ ಪಡೆದ ಈ ವಿಚಿತ್ರ ಮನುಷ್ಯನ ನದಿಪ್ರೀತಿ ಈ ಹಾಡುಗಳಲ್ಲೆಲ್ಲ ಹರಿಯುತ್ತದೆ. ಈ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. 2001ರಲ್ಲಿ ಅವರು ತೀರಿಕೊಂಡರು.

ನಾವು ಕೊಳ್ಳುವ ಮೊದಲೇ ಅಂಗಡಿಯವರು ರೆಕಾರ್ಡನ್ನು ಒರೆಸಿ, ಎರಡೂ ಬದಿಗಳನ್ನು ನುಡಿಸಿ ಕೇಳಿಸುತ್ತಾರೆ, ಅದು ಮೆಚ್ಚತಕ್ಕ ಪದ್ಧತಿ. ಆದರೆ ಹೊದಿಕೆಯ ಅಂಚು ಹರಿದಿದ್ದರೂ, ಎರಡನೆಯ ಬದಿಯ ಆರಂಭದಲ್ಲಿ ಸಣ್ಣ ಚಟಪಟ ಸದ್ದಿದ್ದರೂ ಬೆಲೆಯಲ್ಲಿ ರಿಯಾಯಿತಿ ಇರಲಿಲ್ಲ. ಕಂಟ್ರಿ ಸಂಗೀತವನ್ನು ಹಿಂದಿ ಚಿತ್ರಗೀತೆಗಳ ನಡುವೆ ಬೆರೆಸಿಟ್ಟಿರುವುದರಿಂದ, ಹುಡುಕಲು ಬಿಡುವು ಮಾಡಿಕೊಂಡೇ ಹೋಗಬೇಕು.