ಮೆಟಾದ ಮೇಲ್ವಿಚಾರಣಾ ಮಂಡಳಿ: ಮೆಚ್ಚುಗೆಯೊಂದಿಗೆ ಒಂದು ತಕರಾರು

ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಅಳಿಸಿಹಾಕಿದ ಮಾತಿಗಾಗಿ ಅವೆರಡರ ಒಡೆಯ ಮೆಟಾ ಕಂಪನಿಯೊಳಗಿನ ಮೇಲ್ಮನವಿ ಮುಗಿದ ಬಳಿಕ ಮೊರೆಹೋಗಬಹುದಾದ ಸೇವೆಯೆಂದರೆ, 2020ರ ಅಕ್ಟೋಬರ್‌ನಿಂದ ಪ್ರಕರಣಗಳನ್ನು ಸ್ವೀಕರಿಸುತ್ತಿರುವ ಈ ಮಂಡಳಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸುಧೀರ್ ಕೃಷ್ಣಸ್ವಾಮಿ ಇದರ ಮೊದಲ ಸದಸ್ಯರಲ್ಲೊಬ್ಬರು.

ತೀರ್ಪುಗಳ ಗುಣಮಟ್ಟ ನಿಜಕ್ಕೂ ಮೆಚ್ಚುವಂಥದ್ದು. ಸ್ತನ ಕ್ಯಾನ್ಸರ್‌ನ ಲಕ್ಷಣಗಳನ್ನು ತಿಳಿಸಲು ಬ್ರೆಜಿಲ್‌ನ ಬಳಕೆದಾರರೊಬ್ಬರು ಹಾಕಿದ್ದ ಚಿತ್ರಗಳನ್ನು ಯಂತ್ರವು ನಗ್ನತೆಯೆಂದು ತೆಗೆದುಹಾಕಿತ್ತು. ಅವನ್ನು ಮರಳಿಸಿದ್ದೇವೆ, ಇನ್ನು ವಿಚಾರಣೆ ಬೇಡವೆಂದು ಕಂಪನಿ ವಾದಿಸಿದರೂ ಮಂಡಳಿ ಒಪ್ಪದೆ, 2021ರ ಜನವರಿಯಲ್ಲಿ ತೀರ್ಪು ಕೊಟ್ಟೇಬಿಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಅಳಿಸಲಾಗಿದ್ದ 17 ನಿಮಿಷಗಳ ಪಂಜಾಬಿ ಸಂದರ್ಶನದ ವಿಡಿಯೊ ಪ್ರಕರಣದಲ್ಲಿ, ಬಳಕೆದಾರರು ಪಾಲಿಸಬೇಕಾದ ನಿಯಮಾವಳಿಯೇ ಆಗ ಪಂಜಾಬಿಯಲ್ಲಿ ಸಿಗುತ್ತಿರಲಿಲ್ಲವೆಂದು ಎತ್ತಿಹೇಳಿ, ಅನುವಾದಕ್ಕೆ ಶಿಫಾರಸು ಮಾಡಿತು. ನಮ್ಮ ನುಡಿಗಳಲ್ಲಿ ಬರೆಯುವವರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ.

ತಕರಾರಿರುವುದು ನಿಧಾನ ಮತ್ತು ವ್ಯಾಪ್ತಿಯ ಬಗ್ಗೆ. 2020ರ ನವೆಂಬರ್‌ನ ಆ ವಿಡಿಯೊಗೆ ತೀರ್ಪು ಬರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಬಂದ ಅರ್ಜಿಗಳಲ್ಲಿ ವಿಚಾರಣೆಗೆ ಆಯ್ಕೆಯಾಗುವುದು ಬೆರಳೆಣಿಕೆಯಷ್ಟು ಮಾತ್ರ. ಆಯಾ ಪೋಸ್ಟಿನ ಕುರಿತ ತೀರ್ಪಿಗೆ ಕಂಪನಿ ಬದ್ಧವಾಗಿದ್ದರೂ, ನೀತಿಯನ್ನೇ ಬದಲಿಸುವ ಶಿಫಾರಸನ್ನು, ಅಂದರೆ ಸಾವಿರಾರು ಜನರಿಗೆ ನೆರವಾಗಬಲ್ಲ ಭಾಗವನ್ನು, ಅದು ತಳ್ಳಿಹಾಕಬಹುದು. ಆದರೂ ಅರ್ಜಿಗೆ ಶುಲ್ಕವಿಲ್ಲ, ಕಾರಣಗಳನ್ನು ಬಹಿರಂಗವಾಗಿ ಬರೆದುಕೊಡುತ್ತಾರೆ. ಮಾತು ಕಳೆದುಕೊಂಡವರು ಖಂಡಿತ ಸಲ್ಲಿಸಲಿ.