ಕಿವಿಯಲ್ಲಿ ಗಡ್ಡೆ ಇದೆ ಅಂದ ಕೂಡಲೇ ಅಡ್ವಾನ್ಸ್ ಕಟ್ಟಬೇಡಿ

ಕೈ ಇನ್ನೂ ನಡುಗುತ್ತಿದೆ, ಆದರೂ ಬರೆಯುತ್ತೇನೆ. 15,000 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಇಲ್ಲದ ಗಡ್ಡೆ ಕತ್ತರಿಸಿ ಅಂತ ನಾನೇ ಸಹಿ ಹಾಕಿ ಬಂದಿದ್ದೆ.

ಎಂಟು ತಿಂಗಳಿಂದ ಎಡಗಿವಿಯಲ್ಲಿ ಟಕ್ ಟಕ್ ಸದ್ದು. ಜೋಳದ ರೊಟ್ಟಿ ಅಗಿಯುವಾಗ ಜಾಸ್ತಿ. ಹತ್ತಿರದ ಇಎನ್‌ಟಿ ಕ್ಲಿನಿಕ್‌ಗೆ ಹೋದೆ. ಡಾಕ್ಟರು ಲೈಟ್ ಹಾಕಿ ಅರ್ಧ ನಿಮಿಷ ನೋಡಿದರು. "ಒಳಗೆ ಗಡ್ಡೆ ಇದೆ. ಬಿಟ್ಟರೆ ಬೆಳೆಯುತ್ತೆ, ತೆಗೆಸಿಬಿಡಿ." ಗಡ್ಡೆ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಯಾರಿಗೆ ತಲೆ ಓಡುತ್ತದೆ ಹೇಳಿ? ಸ್ಕ್ಯಾನ್ ಬೇಡವಾ ಅಂತಲೂ ಕೇಳಲಿಲ್ಲ. ಅಲ್ಲೇ ಅಡ್ವಾನ್ಸ್ ಕಟ್ಟಿದೆ.

ನಾದಿನಿ ಬಿಡಲಿಲ್ಲ. ಇನ್ನೊಬ್ಬರಿಗೆ ತೋರಿಸು ಅಂತ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಕಿವಿಗೆ ಸಣ್ಣ ಕ್ಯಾಮೆರಾ ಬಿಟ್ಟು ಪರದೆ ನನ್ನ ಕಡೆ ತಿರುಗಿಸಿದರು. ಕಿವಿಯ ಮುಂದಿನ ಗೋಡೆಯಲ್ಲಿ ನಸುಗೆಂಪು ಉಬ್ಬು, ತೊಗರಿಬೇಳೆಯಷ್ಟು. "ಬಾಯಿ ತೆಗೀರಿ" ಅಂದರು. ಉಬ್ಬು ಮಾಯ, ಅಲ್ಲೊಂದು ಗುಳಿ. "ಮುಚ್ಚಿ." ಟಕ್ ಅಂತು, ಮತ್ತೆ ಬಂತು. ಮೂರು ಸಲ ಹಾಗೇ ಮಾಡಿಸಿದರು. ಎರಡು ನಿಮಿಷದ ಕೆಲಸ! ನನಗೆ ಅಳು ಬಂತು.

ಅದು ಗಡ್ಡೆಯೇ ಅಲ್ಲ. ಕಿವಿ ನಾಳದ ಮುಂದಿನ ಗೋಡೆಯ ಆಚೆಗೇ ದವಡೆಯ ಕೀಲು ಇರುತ್ತದೆ. ಹುಟ್ಟಿದಾಗ ಅಲ್ಲಿನ ಮೂಳೆ ಬರೀ ಬಳೆಯಂತೆ ಇರುತ್ತದಂತೆ. ಬೆಳೆಯುವಾಗ ನಡುವೆ ಒಂದು ತೂತು ಉಳಿದು, ಸಾಮಾನ್ಯವಾಗಿ 5 ವರ್ಷದೊಳಗೆ ಮುಚ್ಚಿಕೊಳ್ಳುತ್ತದೆ. ಕೆಲವರಿಗೆ ಮುಚ್ಚುವುದಿಲ್ಲ. ನನಗೂ ಮುಚ್ಚಿಲ್ಲ. ಆ ತೂತಿನಿಂದ ಕೀಲಿನ ಮೆತ್ತನೆ ಭಾಗ ಕಿವಿಯೊಳಗೆ ಇಣುಕುತ್ತಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ತೂತು ಸ್ಪಷ್ಟವಾಗಿ ಕಂಡಿತು. ರಿಪೋರ್ಟ್‌ನಲ್ಲಿ 'ಫೊರಾಮೆನ್ ಆಫ್ ಹುಶ್ಕೆ' ಅಂತ ಬರೆದಿದ್ದಾರೆ. ಫೊರಾಮೆನ್ ಅಂದರೆ ತೂತು, ಹುಶ್ಕೆ ಅಂದರೆ 19ನೇ ಶತಮಾನದ ಒಬ್ಬ ಜರ್ಮನ್ ಅಂಗರಚನಾ ತಜ್ಞ. ಅಂದರೆ ಇದು ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ!

ಗಡ್ಡೆ ಅಂತ ಕತ್ತರಿಸಿದ್ದರೆ ಕತ್ತರಿ ನನ್ನ ಕೀಲಿಗೇ ಬೀಳುತ್ತಿತ್ತು.

ದುಡ್ಡು ವಾಪಸ್ ಕೊಡಿ ಅಂತ ಮೊದಲಿನ ಕ್ಲಿನಿಕ್‌ಗೆ ಫೋನ್ ಮಾಡಿದೆ. "ಮೇಡಂ, ಓಟಿ (ಆಪರೇಷನ್ ಥಿಯೇಟರ್) ಬುಕ್ ಆಗಿದೆ, ರಿಫಂಡ್ ಬರಲ್ಲ." ಸಿಟಿ ಹಿಡಿದುಕೊಂಡು ಖುದ್ದಾಗಿ ಹೋದೆ. ಡಾಕ್ಟರು ಫಿಲ್ಮನ್ನು ಕವರ್‌ನಿಂದ ಹೊರಗೆ ತೆಗೆಯಲೂ ಇಲ್ಲ. "ಗೂಗಲ್ ನೋಡ್ಕೊಂಡು ಬರಬೇಡಿ" ಅಂದರು. ಗೂಗಲ್ ಅಲ್ಲ ಸರ್, ಸ್ಕ್ಯಾನ್ ಅಂದೆ. "ಹಾಗಾದ್ರೆ ತೂತನ್ನೂ ಮುಚ್ಚೋಣ, ಅದರ ಪ್ಯಾಕೇಜ್ ಬೇರೆ." ಗಡ್ಡೆ ಅಂದಿದ್ದು ತಪ್ಪಾಯ್ತು ಅಂತ ಒಂದು ಮಾತಿಲ್ಲ. ಕವರ್ ತೆಗೆಯಲಿಲ್ಲ ನೋಡಿ, ಅದೇ ನನಗೆ ಇನ್ನೂ ಉರಿಯುತ್ತಿದೆ.

ಈಗ ಆಪರೇಷನ್ ಬೇಡ, ತೊಂದರೆ ಸಣ್ಣದು, ನೋಡೋಣ ಅಂತ ಮೆಡಿಕಲ್ ಕಾಲೇಜಿನ ಡಾಕ್ಟರು ಅಂದಿದ್ದಾರೆ. ನೋವು ಹೆಚ್ಚಾದರೆ, ಊಟ ಮಾಡುವಾಗ ಕಿವಿಯಿಂದ ನೀರು ಬಂದರೆ ಕೂಡಲೇ ಬರಬೇಕಂತೆ. ಬೇಕಾದರೆ ಆಗ ಮೃದ್ವಸ್ಥಿ (ಮೆತ್ತನೆ ಮೂಳೆ) ಇಟ್ಟು ತೂತು ಮುಚ್ಚುತ್ತಾರೆ.

ಅಗಿಯುವಾಗ ಕಿವಿಯಲ್ಲಿ ಸದ್ದು ಬರುವವರು ಬಾಯಿ ತೆಗೆಸಿ, ಮುಚ್ಚಿಸಿ ನೋಡಿ ಅಂತ ಡಾಕ್ಟರಿಗೆ ನೀವೇ ಹೇಳಿ. ಸಿಟಿ ಇಲ್ಲದೆ ಕತ್ತರಿ ಹಾಕಿಸಬೇಡಿ. ಈ ತೂತು ಇದ್ದವರು, ಮುಂದೆ ದವಡೆ ಕೀಲಿಗೆ ಕ್ಯಾಮೆರಾ ಹಾಕಿ ಆಪರೇಷನ್ ಮಾಡುವ ಪ್ರಸಂಗ ಬಂದರೆ ಅದರ ವಿಷಯ ಮೊದಲೇ ತಿಳಿಸಿ, ಕ್ಯಾಮೆರಾ ಜಾರಿ ಕಿವಿಯೊಳಗೇ ಬರಬಹುದು.

ರಸೀದಿಯಲ್ಲಿ ಈಗಲೂ 'ಎಡಗಿವಿ ಗಡ್ಡೆ' ಅಂತಲೇ ಇದೆ. ಗ್ರಾಹಕರ ಆಯೋಗಕ್ಕೆ ದೂರು ಬರೆದು, ಅದರ ಜೊತೆ ಆ ರಸೀದಿಯನ್ನೂ ಇಟ್ಟಿದ್ದೇನೆ.